ನೀಲಿ ಬೆನ್ನು, ಕಿತ್ತಳೆ ಹೊಟ್ಟೆಯ ಆಲ್ಪೈನ್ ನ್ಯೂಟ್: ಇದು ಹಲ್ಲಿಯೇ? ವಿಷವೇ? ಮನೆಯಲ್ಲಿ ಸಾಕಬಹುದೇ?

ಕಪ್ಪು ಮಿಶ್ರಿತ ನೀಲಿ ಬೆನ್ನು. ಕಿತ್ತಳೆ ಹಣ್ಣಿನ ಬಣ್ಣದ ಹೊಟ್ಟೆ. ಪಕ್ಕೆಯ ಉದ್ದಕ್ಕೂ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಚುಕ್ಕೆಗಳು. ಬೆರಳುದ್ದದ ಇಂಥ ಪ್ರಾಣಿಯ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಚಿತ್ರ ನೋಡಿದವರಲ್ಲಿ ಒಬ್ಬರು ‘ಮುಟ್ಟಿದರೆ ಸಾವು ಖಚಿತ’ ಅನ್ನುತ್ತಾರೆ, ಇನ್ನೊಬ್ಬರು ‘ಇದೆಲ್ಲ ಎಡಿಟ್ ಮಾಡಿದ್ದು’ ಅನ್ನುತ್ತಾರೆ, ಮತ್ತೊಬ್ಬರು ‘ಎಲ್ಲಿ ಸಿಗುತ್ತೆ? ನಮ್ಮ ಅಕ್ವೇರಿಯಂಗೆ ಬೇಕಿತ್ತು’ ಎಂದು ಕೇಳುತ್ತಾರೆ.

ಪ್ರಾಣಿ ನಿಜ, ಬಣ್ಣವೂ ನಿಜ. ಮುಟ್ಟಿದರೆ ಸಾವು ಎಂಬುದು ಸುಳ್ಳು. ಇನ್ನು ಅಕ್ವೇರಿಯಂನ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದರೆ ಕತೆ ಸ್ವಲ್ಪ ಉದ್ದವಾಗುತ್ತದೆ. ಏಕೆಂದರೆ ಇಂಥ ಪ್ರಾಣಿಗಳನ್ನು ಸಾಕುವ ಆಸೆಯಿಂದಲೇ ಯುರೋಪಿನ ಕಾಡುಗಳಿಗೆ ಒಂದು ಮಾರಕ ರೋಗ ಬಂದು ಸೇರಿದೆ. ಬನ್ನಿ, ಮೊದಲು ಈ ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ.

ಒಂದು ನೋಟದಲ್ಲಿ

ಹೆಸರು: ಆಲ್ಪೈನ್ ನ್ಯೂಟ್. ಜರ್ಮನ್ ಭಾಷೆಯಲ್ಲಿ ‘ಬೆರ್ಗ್‌ಮೋಲ್ಖ್’, ಅಂದರೆ ಬೆಟ್ಟದ ನ್ಯೂಟ್.
ವೈಜ್ಞಾನಿಕ ಹೆಸರು: ಇಕ್ತಿಯೋಸಾರಾ ಆಲ್ಪೆಸ್ಟ್ರಿಸ್.
ಗುಂಪು: ಉಭಯವಾಸಿ. ಕಪ್ಪೆಯ ನೆಂಟ, ಹಲ್ಲಿಯ ನೆಂಟನಲ್ಲ.
ಉದ್ದ: ಬಾಲವೂ ಸೇರಿ ಸುಮಾರು 7ರಿಂದ 12 ಸೆಂಟಿಮೀಟರ್. ಹೆಣ್ಣು ಗಂಡಿಗಿಂತ ದೊಡ್ಡದು.
ವಾಸ: ಯುರೋಪಿನ ತಂಪಾದ ಕಾಡು, ಬೆಟ್ಟ, ಹುಲ್ಲುಗಾವಲು ಮತ್ತು ಅವುಗಳ ನಡುವಿನ ಸಣ್ಣ ಹೊಂಡಗಳು.
ಆಹಾರ: ಹುಳು, ಕೀಟ, ನೀರುಚಿಗಟ, ಗೊದಮೊಟ್ಟೆ.
ಆಯಸ್ಸು: ಹತ್ತು ವರ್ಷ ಬದುಕುವುದು ಸಾಮಾನ್ಯ. ಅದಕ್ಕಿಂತ ಹೆಚ್ಚು ಬದುಕುವುದೂ ಉಂಟು.

ನೋಡಲು ಹೇಗಿರುತ್ತದೆ?

ಇದರ ಬಣ್ಣ ವರ್ಷವಿಡೀ ಒಂದೇ ತರಹ ಇರುವುದಿಲ್ಲ. ನಾವು ಚಿತ್ರದಲ್ಲಿ ಕಾಣುವ ಗಾಢ ನೀಲಿ ಬಣ್ಣ ಸಂತಾನದ ಕಾಲದಲ್ಲಿ ನೀರಿಗಿಳಿದ ಗಂಡಿನದು. ಆಗ ಅದರ ಬೆನ್ನು ನೀಲಿ-ಬೂದು ಬಣ್ಣದಿಂದ ಹಿಡಿದು ಕಪ್ಪಿನವರೆಗೆ ಇರುತ್ತದೆ. ತಲೆಯ ಹಿಂದಿನಿಂದ ಬಾಲದವರೆಗೆ ಬೆನ್ನ ನಡುವೆ ಒಂದು ತಗ್ಗಾದ ಏಣು ಏಳುತ್ತದೆ. ಹಳದಿ ಬಣ್ಣದ ಆ ಏಣಿನ ಮೇಲೆ ಕಪ್ಪು ಗುರುತುಗಳಿರುತ್ತವೆ. ಕೆನ್ನೆಯಿಂದ ಬಾಲದವರೆಗೆ ಹಾದುಹೋಗುವ ಬಿಳಿ ಪಟ್ಟಿಯಲ್ಲಿ ಕಪ್ಪು ಚುಕ್ಕೆಗಳು, ಅದರ ಕೆಳಗೆ ತಿಳಿ ನೀಲಿಯ ಗೆರೆ.

ಹೆಣ್ಣಿನ ಬೆನ್ನು ಇಷ್ಟು ಝಗಮಗಿಸುವುದಿಲ್ಲ. ಬೂದು, ಕಂದು, ಹಸಿರು ಬೆರೆತ ಮಚ್ಚೆಮಚ್ಚೆ ಬಣ್ಣ. ಹೊಂಡದ ತಳದ ಕೆಸರು ಮತ್ತು ಕೊಳೆತ ಎಲೆಗಳ ನಡುವೆ ಅದು ಕಣ್ಣಿಗೆ ಬೀಳುವುದೇ ಕಷ್ಟ. ಆದರೆ ಹೊಟ್ಟೆ ಮಾತ್ರ ಗಂಡು ಹೆಣ್ಣು ಇಬ್ಬರದೂ ಕಿತ್ತಳೆ, ಕೆಲವೊಮ್ಮೆ ಕೆಂಪಿಗೆ ಹತ್ತಿರ. ಹೊಟ್ಟೆಯ ಮೇಲೆ ಸಾಮಾನ್ಯವಾಗಿ ಒಂದು ಚುಕ್ಕೆಯೂ ಇರುವುದಿಲ್ಲ. ಯುರೋಪಿನ ಬೇರೆ ನ್ಯೂಟ್‌ಗಳಿಂದ ಇದನ್ನು ಬೇರ್ಪಡಿಸಿ ಗುರುತಿಸಲು ಇದೇ ಸುಲಭದ ಲಕ್ಷಣ.

ಸಂತಾನದ ಕಾಲ ಮುಗಿದು ನೆಲಕ್ಕೆ ಬಂದರೆ ಈ ಅಲಂಕಾರವೆಲ್ಲ ಕಳಚುತ್ತದೆ. ಬೆನ್ನಿನ ಏಣು ಕುಗ್ಗುತ್ತದೆ, ಚರ್ಮ ಮಾಸಲಾಗಿ ಒರಟಾಗುತ್ತದೆ, ನೀಲಿ ಹೋಗಿ ಕಪ್ಪಾಗುತ್ತದೆ. ವಸಂತದಲ್ಲಿ ನೋಡಿದವರು ಚಳಿಗಾಲಕ್ಕೆ ಮುಂಚೆ ಅದೇ ಪ್ರಾಣಿಯನ್ನು ಕಂಡರೆ ಬೇರೆ ಯಾವುದೋ ಜೀವಿ ಅಂದುಕೊಳ್ಳಬಹುದು.

ಹಾಗಾಗಿ ಬಣ್ಣ ನಿಜವೇ ಎಂಬ ಪ್ರಶ್ನೆಗೆ ಉತ್ತರ ಹೌದು. ಆದರೆ ಹೊಳೆಯುವ ಪ್ಲಾಸ್ಟಿಕ್ ಗೊಂಬೆಯಂತೆ, ನಿಯಾನ್ ದೀಪದಂತೆ ಕಾಣುವ ಚಿತ್ರ ಬಂದರೆ ಬಣ್ಣ ಹೆಚ್ಚಿಸಿದ್ದಾರೆ ಎಂದು ಅನುಮಾನಿಸಿ.

ಇದು ಹಲ್ಲಿಯಲ್ಲ

ನಾಲ್ಕು ಕಾಲು, ಉದ್ದ ಬಾಲ ನೋಡಿದ ಕೂಡಲೇ ನಮಗೆ ಹಲ್ಲಿ ನೆನಪಾಗುತ್ತದೆ. ಹಿಂದಿನ ವಿಜ್ಞಾನಿಗಳಿಗೂ ಹಾಗೇ ಅನಿಸಿರಬೇಕು. ಇದರ ಕುಲದ ಹೆಸರು ಇಕ್ತಿಯೋಸಾರಾ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ‘ಮೀನು-ಹಲ್ಲಿ’ ಎಂದೇ ಅರ್ಥ.

ಹಲ್ಲಿ ಸರೀಸೃಪ. ಅದಕ್ಕೆ ಪೊರೆಯಂಥ ಹುರುಪೆಗಳಿವೆ, ಉಗುರುಗಳಿವೆ. ಅದು ಚಿಪ್ಪಿರುವ ಮೊಟ್ಟೆಯನ್ನು ಒಣ ಜಾಗದಲ್ಲಿ ಇಡುತ್ತದೆ. ನ್ಯೂಟ್‌ಗೆ ಹುರುಪೆ ಇಲ್ಲ, ಉಗುರೂ ಇಲ್ಲ. ಅದರ ಚರ್ಮ ಕಪ್ಪೆಯ ಚರ್ಮದಂತೆ ತೆಳು, ತೇವ. ಶ್ವಾಸಕೋಶದ ಜೊತೆಗೆ ಚರ್ಮದ ಮೂಲಕವೂ ಅದು ಉಸಿರಾಡುತ್ತದೆ. ಮೊಟ್ಟೆಗೆ ಚಿಪ್ಪಿಲ್ಲ, ಲೋಳೆಯ ಹೊದಿಕೆ ಮಾತ್ರ. ಆದ್ದರಿಂದ ಮೊಟ್ಟೆಯನ್ನು ನೀರಿನಲ್ಲೇ ಇಡಬೇಕು.

ಈ ತೆಳು ಚರ್ಮದ ವಿಷಯವನ್ನು ನೆನಪಿಟ್ಟುಕೊಳ್ಳಿ. ಇದರ ಬದುಕು ಮತ್ತು ಸಾವು ಎರಡೂ ಆ ಚರ್ಮದ ಮೇಲೆ ನಿಂತಿವೆ.

ಎಲ್ಲಿ ವಾಸಿಸುತ್ತದೆ?

ವಿಯೆನ್ನಾದ ವಿಜ್ಞಾನಿ ಲಾರೆಂಟಿ 1768ರಲ್ಲಿ ಆಸ್ಟ್ರಿಯಾದ ಓಟ್ಶರ್ ಬೆಟ್ಟದ ಪ್ರಾಣಿಗಳನ್ನು ನೋಡಿ ಈ ಪ್ರಭೇದವನ್ನು ವಿವರಿಸಿದರು. ‘ಆಲ್ಪೆಸ್ಟ್ರಿಸ್’ ಅಂದರೆ ಆಲ್ಪ್ಸ್ ಪರ್ವತಕ್ಕೆ ಸೇರಿದ್ದು. ಹೆಸರು ಹಾಗಿದ್ದರೂ ಇದು ಆಲ್ಪ್ಸ್‌ಗೆ ಮಾತ್ರ ಸೀಮಿತವಲ್ಲ. ಫ್ರಾನ್ಸ್, ಬೆಲ್ಜಿಯಂ, ಜರ್ಮನಿ, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ, ಇಟಲಿ, ಪೂರ್ವದಲ್ಲಿ ಕಾರ್ಪೇಥಿಯನ್ ಪರ್ವತಗಳು, ದಕ್ಷಿಣದಲ್ಲಿ ಬಾಲ್ಕನ್ ದೇಶಗಳು ಮತ್ತು ಗ್ರೀಸ್, ಉತ್ತರದಲ್ಲಿ ಡೆನ್ಮಾರ್ಕ್‌ವರೆಗೆ ಹರಡಿದೆ. ಸ್ಪೇನ್ ದೇಶದ ಉತ್ತರ ಭಾಗದಲ್ಲಿ ಬೇರೆಲ್ಲವುಗಳಿಂದ ದೂರವಾಗಿ ಒಂದು ಗುಂಪಿದೆ. ಕೆಲವೆಡೆ ಇದು ಸಮುದ್ರಮಟ್ಟದ ಬಯಲಿನಲ್ಲೂ ಇದೆ, ಬೆಟ್ಟಗಳಲ್ಲಿ 2000 ಮೀಟರ್ ದಾಟಿದ ಎತ್ತರದಲ್ಲೂ ಇದೆ.

ಇದಕ್ಕೆ ಬೇಕಾದದ್ದು ಎರಡು: ಮೊಟ್ಟೆ ಇಡಲು ನೀರು, ಉಳಿದ ಕಾಲಕ್ಕೆ ತೇವವಿರುವ ನೆಲ. ಮೀನುಗಳಿಲ್ಲದ ಸಣ್ಣ ಹೊಂಡ, ದನಗಳು ನೀರು ಕುಡಿಯುವ ತೊಟ್ಟಿ, ಕಾಡುದಾರಿಯಲ್ಲಿ ಲಾರಿ ಚಕ್ರ ಹೂತು ಆದ ಗುಂಡಿಯಲ್ಲಿ ನಿಂತ ಮಳೆನೀರು, ಇಷ್ಟಿದ್ದರೂ ಇದಕ್ಕೆ ಸಾಕು. ನಮ್ಮ ಕಣ್ಣಿಗೆ ಅದು ಕೊಚ್ಚೆಗುಂಡಿ, ಅದಕ್ಕೆ ಹೆರಿಗೆಮನೆ.

ವರ್ಷದ ಹೆಚ್ಚಿನ ಕಾಲವನ್ನು ಇದು ನೆಲದ ಮೇಲೆ ಕಳೆಯುತ್ತದೆ. ಹಗಲಲ್ಲಿ ಬಿದ್ದ ಮರದ ಕೆಳಗೆ, ಕಲ್ಲಿನ ಸಂದಿಯಲ್ಲಿ, ತರಗೆಲೆಯ ಅಡಿಯಲ್ಲಿ ಅಡಗಿದ್ದು, ರಾತ್ರಿ ಅಥವಾ ಮಳೆ ಬಂದಾಗ ಹೊರಬಂದು ಎರೆಹುಳು, ಕೀಟ ಹಿಡಿಯುತ್ತದೆ. ಚಳಿಗಾಲ ಬಂತೆಂದರೆ ಮಣ್ಣಿನ ಬಿಲದಲ್ಲೋ ಮರದ ಬೇರಿನ ಸಂದಿಯಲ್ಲೋ ಸೇರಿ ಚಳಿನಿದ್ದೆ ಮಾಡುತ್ತದೆ.

ನೀರಿನೊಳಗಿನ ಮದುವೆ

ಬಯಲು ಪ್ರದೇಶದಲ್ಲಿ ಫೆಬ್ರವರಿ ಹೊತ್ತಿಗೇ ನ್ಯೂಟ್‌ಗಳು ಹೊಂಡದತ್ತ ಹೊರಡುತ್ತವೆ. ಎತ್ತರದ ಬೆಟ್ಟಗಳಲ್ಲಿ ಹಿಮ ಕರಗುವವರೆಗೆ ಕಾಯಬೇಕು, ಅಲ್ಲಿ ಸಂತಾನದ ಕಾಲವೂ ತಡ.

ಕಪ್ಪೆಗಳಲ್ಲಿ ಗಂಡು ಹೆಣ್ಣನ್ನು ಬಿಗಿಯಾಗಿ ತಬ್ಬಿ ಹಿಡಿಯುವುದನ್ನು ನೀವು ನೋಡಿರಬಹುದು. ಈ ನ್ಯೂಟ್ ಹಾಗೆ ಮಾಡುವುದಿಲ್ಲ. ಗಂಡು ಹೆಣ್ಣಿನ ಎದುರು ನಿಂತು ಬಾಲವನ್ನು ಮಡಿಸಿ ಬೀಸಣಿಗೆಯಂತೆ ಬೀಸುತ್ತದೆ. ಆ ನೀರಿನ ಅಲೆಯ ಜೊತೆ ತನ್ನ ದೇಹದ ವಾಸನೆಯನ್ನು ಹೆಣ್ಣಿನ ಮೂಗಿಗೆ ತಲುಪಿಸುತ್ತದೆ. ಹೆಣ್ಣು ಒಪ್ಪಿ ಹಿಂದೆ ಬಂದರೆ ಗಂಡು ವೀರ್ಯದ ಸಣ್ಣ ಗಂಟನ್ನು ಹೊಂಡದ ತಳದಲ್ಲಿ ಇಡುತ್ತದೆ. ಹೆಣ್ಣು ಅದರ ಮೇಲೆ ಸಾಗಿ ಅದನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ. ಒಪ್ಪದಿದ್ದರೆ ತಿರುಗಿ ಹೋಗುತ್ತದೆ, ಬಲವಂತಕ್ಕೆ ಜಾಗವಿಲ್ಲ.

ಮೊಟ್ಟೆಗಳನ್ನು ಕಪ್ಪೆಯಂತೆ ರಾಶಿ ಹಾಕುವುದಿಲ್ಲ. ಹೆಣ್ಣು ಒಂದೊಂದೇ ಮೊಟ್ಟೆಯನ್ನು ನೀರುಗಿಡದ ಎಲೆಯ ಮೇಲಿಟ್ಟು, ಹಿಂಗಾಲುಗಳಿಂದ ಎಲೆಯನ್ನು ಮಡಚಿ ಮುಚ್ಚುತ್ತದೆ. ವೀಳ್ಯ ಮಡಚಿದಂತೆ. ಒಂದು ಹೆಣ್ಣು ಒಂದು ಕಾಲದಲ್ಲಿ ನೂರಾರು ಮೊಟ್ಟೆಗಳನ್ನು ಹೀಗೆ ಮಡಚಿಡಬಲ್ಲದು. ಸುಮಾರು ಎರಡರಿಂದ ನಾಲ್ಕು ವಾರಗಳಲ್ಲಿ ಮರಿ ಹೊರಬರುತ್ತದೆ.

ಮರಿಯ ಕತ್ತಿನ ಎರಡೂ ಬದಿಯಲ್ಲಿ ಗರಿಯಂಥ ಕಿವಿರುಗಳು ಹೊರಗೇ ಕಾಣುತ್ತವೆ. ಕಪ್ಪೆಯ ಗೊದಮೊಟ್ಟೆಯಲ್ಲಿ ಮೊದಲು ಕಾಣುವುದು ಹಿಂಗಾಲು, ನ್ಯೂಟ್ ಮರಿಯಲ್ಲಿ ಮೊದಲು ಮೂಡುವುದು ಮುಂಗಾಲು. ಸುಮಾರು ಮೂರು ತಿಂಗಳಲ್ಲಿ ಕಿವಿರು ಕರಗಿ ಮರಿ ನೆಲಕ್ಕೆ ಬರುತ್ತದೆ. ಚಳಿ ಹೆಚ್ಚಿರುವ ಬೆಟ್ಟದ ಕೆರೆಗಳಲ್ಲಿ ಮಾತ್ರ ಮರಿಗಳು ಚಳಿಗಾಲವನ್ನೂ ನೀರಿನಲ್ಲೇ ಕಳೆದು, ಮುಂದಿನ ವರ್ಷ ನೆಲಕ್ಕೆ ಬರುವುದುಂಟು.

ಇನ್ನೊಂದು ಸೋಜಿಗವಿದೆ. ಬಾಲ್ಕನ್ ಪ್ರದೇಶದ ಮತ್ತು ಇಟಲಿಯ ಕೆಲವು ಕೆರೆಗಳಲ್ಲಿ ಕೆಲವು ನ್ಯೂಟ್‌ಗಳು ಕಿವಿರನ್ನು ಕಳೆದುಕೊಳ್ಳುವುದೇ ಇಲ್ಲ. ಮರಿಯ ರೂಪದಲ್ಲೇ ಉಳಿದು, ನೀರಿನಲ್ಲೇ ಇದ್ದು, ಮೊಟ್ಟೆಯನ್ನೂ ಇಡುತ್ತವೆ. ಮಾಂಟೆನೆಗ್ರೋದ ಬೆಟ್ಟದ ಕೆರೆಗಳಲ್ಲಿ ಇಂಥವು ಇದ್ದವು. ಜನ ಆ ಕೆರೆಗಳಿಗೆ ಮೀನು ಬಿಟ್ಟರು, ಮೀನುಗಳು ನ್ಯೂಟ್ ಮರಿಗಳನ್ನು ತಿಂದವು. ಎಷ್ಟೋ ಕೆರೆಗಳಿಂದ ಈ ಅಪರೂಪದ ರೂಪ ಮಾಯವಾಯಿತು. ಯಾರೂ ಕೆಟ್ಟದ್ದು ಮಾಡಬೇಕೆಂದು ಮೀನು ಬಿಟ್ಟಿರಲಿಲ್ಲ.

ಸುಳ್ಳು ಯಾವುದು, ನಿಜ ಯಾವುದು?

ಸುಳ್ಳು: ಮುಟ್ಟಿದರೆ ಸಾವು.
ನಿಜ: ಕಿತ್ತಳೆ ಹೊಟ್ಟೆ ಎಚ್ಚರಿಕೆಯ ಬಣ್ಣ ಎಂಬುದು ಹೌದು. ಹೆದರಿದಾಗ ಇದು ದೇಹವನ್ನು ಬಾಗಿಸಿ ಆ ಬಣ್ಣವನ್ನು ತೋರಿಸುವುದುಂಟು, ಚರ್ಮದಿಂದ ಹಾಲಿನಂಥ ದ್ರವವನ್ನೂ ಬಿಡುತ್ತದೆ. ‘ನನ್ನ ರುಚಿ ಚೆನ್ನಾಗಿಲ್ಲ, ಬಿಟ್ಟುಬಿಡು’ ಎಂದು ಬೇಟೆಗಾರ ಪ್ರಾಣಿಗೆ ಹೇಳುವ ರೀತಿ ಅದು. ಆ ದ್ರವ ಕಣ್ಣಿಗೆ, ಬಾಯಿಗೆ ತಾಗಿದರೆ ಉರಿಯಬಹುದು. ಆದರೆ ಮುಟ್ಟಿದ ಮಾತ್ರಕ್ಕೆ ಮನುಷ್ಯ ಸಾಯುವುದಿಲ್ಲ. ಈ ಸುದ್ದಿ ಹುಟ್ಟಲು ಕಾರಣ ಬಹುಶಃ ಇದರ ದೂರದ ಸಂಬಂಧಿ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಒರಟು ಚರ್ಮದ ನ್ಯೂಟ್‌ನಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಪಫರ್ ಮೀನಿನಲ್ಲಿರುವುದೂ ಅದೇ ವಿಷ. 1979ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ 29 ವರ್ಷದ ಒಬ್ಬಾತ ಆ ನ್ಯೂಟ್‌ ಅನ್ನು ನುಂಗಿ ಸತ್ತ. ಗಮನಿಸಿ, ಆತ ಮುಟ್ಟಿ ಸತ್ತಿದ್ದಲ್ಲ, ನುಂಗಿ ಸತ್ತಿದ್ದು. ಆಲ್ಪೈನ್ ನ್ಯೂಟ್‌ನಲ್ಲಿ ಆ ವಿಷದ ಅಂಶ ಪತ್ತೆಯಾಗಿದ್ದರೂ ಪ್ರಮಾಣ ತೀರಾ ಅತ್ಯಲ್ಪ.

ಸುಳ್ಳು: ಇವು ಬೆಂಕಿಯಲ್ಲೂ ಬದುಕುತ್ತವೆ.
ನಿಜ: ನ್ಯೂಟ್‌ಗಳು ಸಲಮಾಂಡರ್ ಎಂಬ ದೊಡ್ಡ ಗುಂಪಿಗೆ ಸೇರಿವೆ. ಸಲಮಾಂಡರ್ ಎಷ್ಟು ತಣ್ಣಗಿರುತ್ತದೆಂದರೆ ಬೆಂಕಿಯನ್ನೇ ಆರಿಸುತ್ತದೆ ಎಂದು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನ ಲೇಖಕ ಪ್ಲಿನಿ ಬರೆದಿಟ್ಟಿದ್ದ. ಇವು ಚಳಿಗಾಲದಲ್ಲಿ ಕೊಳೆತ ಮರದ ದಿಮ್ಮಿಯೊಳಗೆ ಮಲಗುತ್ತವೆ. ಆ ಸೌದೆಯನ್ನು ಒಲೆಗಿಟ್ಟಾಗ ಜೀವ ಉಳಿಸಿಕೊಳ್ಳಲು ಹೊರಗೆ ಓಡಿಬರುತ್ತವೆ. ನೋಡಿದವರಿಗೆ ಬೆಂಕಿಯಿಂದಲೇ ಹುಟ್ಟಿಬಂದಂತೆ ಕಂಡಿರಬೇಕು ಎಂದು ಈ ನಂಬಿಕೆಯ ಮೂಲವನ್ನು ವಿವರಿಸುತ್ತಾರೆ. ವಾಸ್ತವದಲ್ಲಿ ಬೆಂಕಿ ಹಾಗಿರಲಿ, ನಮ್ಮ ಬೇಸಿಗೆಯ ಮಧ್ಯಾಹ್ನವನ್ನೂ ಇವು ತಡೆಯಲಾರವು.

ಸುಳ್ಳು: ಕತ್ತರಿಸಿದ ಕಾಲು ಮತ್ತೆ ಬೆಳೆಯುತ್ತದೆ, ಆದ್ದರಿಂದ ಇದರಿಂದ ಔಷಧಿ ಮಾಡಬಹುದು.
ನಿಜ: ಮೊದಲರ್ಧ ಸರಿ. ಇಟಲಿಯ ಸ್ಪಲ್ಲಾಂಜಾನಿ ಎಂಬ ವಿಜ್ಞಾನಿ ಸಲಮಾಂಡರ್‌ಗಳ ಕಾಲು ಮತ್ತು ಬಾಲ ಮತ್ತೆ ಬೆಳೆಯುವುದನ್ನು 1768ರಲ್ಲೇ ವರದಿ ಮಾಡಿದ್ದರು. ಆಲ್ಪೈನ್ ನ್ಯೂಟ್‌ಗೆ ಹೆಸರು ಬಿದ್ದದ್ದೂ ಅದೇ ವರ್ಷ. ನ್ಯೂಟ್‌ಗಳಲ್ಲಿ ಕಣ್ಣಿನ ಮಸೂರವೂ ಮತ್ತೆ ಹುಟ್ಟುತ್ತದೆ. ಜಪಾನಿನ ಒಂದು ಜಾತಿಯ ನ್ಯೂಟ್‌ಗಳಲ್ಲಿ 16 ವರ್ಷಗಳ ಅವಧಿಯಲ್ಲಿ 18 ಸಲ ಮಸೂರ ತೆಗೆದಾಗಲೂ ಪ್ರತಿ ಸಲ ಹೊಸದು ಬೆಳೆಯಿತು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಆ ಶಕ್ತಿ ಅದರ ಜೀವಕೋಶಗಳ ಕೆಲಸ. ಅದನ್ನು ತಿಂದರೆ, ಅದರ ಎಣ್ಣೆ ಹಚ್ಚಿದರೆ ನಮಗೆ ಬರುವುದಿಲ್ಲ. ಟೋಕೆ ಗೆಕ್ಕೊ ಎಂಬ ದೊಡ್ಡ ಹಲ್ಲಿ ಏಡ್ಸ್ ಗುಣಪಡಿಸುತ್ತದೆ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂಬ ಪುಕಾರು ಹಬ್ಬಿ, ಏಷ್ಯಾದ ಹಲವೆಡೆ ಮತ್ತು ನಮ್ಮ ಈಶಾನ್ಯ ರಾಜ್ಯಗಳಲ್ಲಿ ಅದರ ಕಳ್ಳಸಾಗಣೆಯೇ ಶುರುವಾಗಿತ್ತು. ಇಂಥ ಒಂದು ಸಂದೇಶ ಪ್ರಾಣಿಗೆ ಎಷ್ಟು ದುಬಾರಿಯಾಗುತ್ತದೆ ನೋಡಿ.

ಸಾಕುವುದು ಸಾಧ್ಯವೇ?

ಯುರೋಪಿನಲ್ಲಿ ಇದನ್ನು ಸಾಕುವ ಹವ್ಯಾಸಿಗಳಿದ್ದಾರೆ. ಅಲ್ಲೂ ಕಾಡಿನಿಂದ ಹಿಡಿದು ತರುವಂತಿಲ್ಲ. ಜರ್ಮನಿ, ಸ್ವಿಟ್ಜರ್‌ಲೆಂಡ್‌ನಂಥ ದೇಶಗಳಲ್ಲಿ ಇದು ಕಾನೂನಿನ ರಕ್ಷಣೆ ಪಡೆದ ಪ್ರಾಣಿ. ಸಾಕಣೆಯಲ್ಲೇ ಹುಟ್ಟಿದ ಮರಿಗಳನ್ನು ಮಾತ್ರ, ಆಯಾ ದೇಶದ ನಿಯಮದಂತೆ ಇಟ್ಟುಕೊಳ್ಳಬಹುದು.

ಸರಿಯಾಗಿ ಸಾಕಲು ಏನೇನು ಬೇಕು ಎಂಬುದನ್ನು ನೋಡಿದರೆ ಇದು ಬಣ್ಣದ ಮೀನು ಸಾಕಿದಷ್ಟು ಸುಲಭವಲ್ಲ ಎಂದು ತಿಳಿಯುತ್ತದೆ.

ತಂಪು: ಇದಕ್ಕೆ ಹಿತವಾದ ನೀರು ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್. 20 ದಾಟಿದರೆ ಕಷ್ಟಪಡುತ್ತದೆ, 25ರ ಮೇಲೆ ಜೀವಕ್ಕೇ ಅಪಾಯ. ತಂಪು ಊರು ಎನಿಸಿಕೊಂಡ ಬೆಂಗಳೂರಿನಲ್ಲೂ ಏಪ್ರಿಲ್ ತಿಂಗಳ ಮಧ್ಯಾಹ್ನ 33-34 ಡಿಗ್ರಿ ಸಾಮಾನ್ಯ. ನೀರು ತಣಿಸುವ ಯಂತ್ರ ಹಗಲೂ ರಾತ್ರಿ ಓಡಬೇಕು. ಒಂದು ದಿನ ಕರೆಂಟ್ ಹೋದರೆ ಪ್ರಾಣಿಯೂ ಹೋಗಬಹುದು.

ನೀರು ಮತ್ತು ನೆಲ: ನೀರುಗಿಡಗಳಿರುವ ತೊಟ್ಟಿಯೂ ಬೇಕು, ತೇವವಾದ ಮಣ್ಣು, ಪಾಚಿ, ಅಡಗಲು ತೊಗಟೆ ಇರುವ ನೆಲವೂ ಬೇಕು. ನಲ್ಲಿ ನೀರಿನ ಕ್ಲೋರಿನ್ ತೆಗೆಯಬೇಕು. ಒದ್ದೆ ಗಾಜನ್ನು ಇದು ಸಲೀಸಾಗಿ ಹತ್ತುತ್ತದೆ, ಆದ್ದರಿಂದ ಭದ್ರವಾದ ಮುಚ್ಚಳ ಬೇಕೇ ಬೇಕು. ಹೊರಗೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಒಣಗಿ ಸಾಯಬಹುದು.

ಆಹಾರ: ಅನ್ನ, ಬ್ರೆಡ್ಡು ತಿನ್ನುವುದಿಲ್ಲ. ಎರೆಹುಳು, ನೀರುಚಿಗಟ, ಕೀಟದ ಮರಿ ಹೀಗೆ ಮಾಂಸಾಹಾರವೇ ಆಗಬೇಕು.

ಚಳಿಗಾಲ: ವರ್ಷದಲ್ಲಿ ಕೆಲವು ವಾರಗಳ ತಣ್ಣನೆಯ ವಿಶ್ರಾಂತಿ ಇಲ್ಲದಿದ್ದರೆ ಇದರ ದೇಹದ ಲೆಕ್ಕಾಚಾರ ತಪ್ಪುತ್ತದೆ.

ಕೈ: ಇದು ಎತ್ತಿ ಮುದ್ದಾಡುವ ಪ್ರಾಣಿ ಅಲ್ಲ. ನಮ್ಮ ಕೈಯ ಬಿಸಿ, ಉಪ್ಪು, ಸೋಪು ಎಲ್ಲವೂ ಅದರ ತೆಳು ಚರ್ಮಕ್ಕೆ ತೊಂದರೆ. ನಮಗೂ ಎಚ್ಚರ ಬೇಕು. ಉಭಯವಾಸಿಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ತೊಟ್ಟಿಯ ನೀರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು.

ಇಷ್ಟೆಲ್ಲ ಮಾಡಿದರೂ ಹತ್ತು ಹದಿನೈದು ವರ್ಷ ಅದರ ಜವಾಬ್ದಾರಿ ಹೊರಬೇಕು. ಆದರೆ ಸಾಕುವವರ ಶ್ರಮಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ.

ಪ್ರಾಣಿಯ ಜೊತೆ ಬಂದ ರೋಗ

ನೆದರ್‌ಲೆಂಡ್ಸ್ ದೇಶದ ದಕ್ಷಿಣ ತುದಿಯಲ್ಲಿ ಬುಂದರ್‌ಬೋಸ್ ಎಂಬ ಕಾಡಿದೆ. ಕಪ್ಪು ಮೈಮೇಲೆ ಹಳದಿ ಮಚ್ಚೆಗಳಿರುವ ಫೈರ್ ಸಲಮಾಂಡರ್‌ಗಳಿಗೆ ಅದು ಆ ದೇಶದ ಮುಖ್ಯ ನೆಲೆಯಾಗಿತ್ತು. 2010ರ ಹೊತ್ತಿಗೆ ಅಲ್ಲಿ ಅವು ಕಾಣುವುದು ಕಡಿಮೆಯಾಗತೊಡಗಿತು. 2013ರ ಹೊತ್ತಿಗೆ ನೂರರಲ್ಲಿ ನಾಲ್ಕೂ ಉಳಿದಿರಲಿಲ್ಲ. ಉಳಿದವನ್ನಾದರೂ ಕಾಪಾಡೋಣವೆಂದು ಕೆಲವನ್ನು ಹಿಡಿದು ತಂದು ಸಾಕಿದರು. ಅವೂ ಸಾಯತೊಡಗಿದವು.

ಕಾರಣ ಹುಡುಕಿದ್ದು ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಆನ್ ಮಾರ್ಟೆಲ್, ಫ್ರಾಂಕ್ ಪಾಸ್ಮನ್ಸ್ ಮತ್ತವರ ಸಂಗಡಿಗರು. 2013ರಲ್ಲಿ ಅವರು ಒಂದು ಹೊಸ ಶಿಲೀಂಧ್ರವನ್ನು ಗುರುತಿಸಿದರು. ಚಿಕ್ಕದಾಗಿ ಅದನ್ನು ‘ಬಿ-ಸಾಲ್’ ಎನ್ನುತ್ತಾರೆ. ಅದರ ಪೂರ್ಣ ಹೆಸರಿನ ಕೊನೆಯ ಪದ ‘ಸಲಮಾಂಡ್ರಿವೊರನ್ಸ್’ಗೆ ‘ಸಲಮಾಂಡರ್ ತಿನ್ನುವುದು’ ಎಂದು ಅರ್ಥ. ಹೆಸರಿಗೆ ತಕ್ಕಂತೆ ಅದು ಪ್ರಾಣಿಯ ಚರ್ಮವನ್ನೇ ತಿಂದು ಹುಣ್ಣು ಮಾಡುತ್ತದೆ. ಚರ್ಮದಿಂದ ಉಸಿರಾಡುವ, ಚರ್ಮದಿಂದ ನೀರು ಹೀರುವ ಜೀವಿಯ ಚರ್ಮವೇ ಹೋದರೆ ಇನ್ನೇನು ಉಳಿಯುತ್ತದೆ?

2014ರ ಅಧ್ಯಯನದಿಂದ ಇನ್ನೊಂದು ವಿಷಯ ತಿಳಿಯಿತು. ಈ ಶಿಲೀಂಧ್ರದ ತವರು ಏಷ್ಯಾ. ಅಲ್ಲಿನ ಕೆಲವು ನ್ಯೂಟ್‌ಗಳು ಬಹಳ ಹಿಂದಿನಿಂದ ಇದರೊಂದಿಗೆ ಬದುಕಿ ತಡೆಯುವ ಶಕ್ತಿ ಗಳಿಸಿವೆ. ಯುರೋಪಿನ ಪ್ರಾಣಿಗಳಿಗೆ ಆ ಶಕ್ತಿ ಇಲ್ಲ. ಹಾಗಾದರೆ ಅದು ಸಾವಿರಾರು ಕಿಲೋಮೀಟರ್ ದಾಟಿ ಹೇಗೆ ಬಂತು? ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಬಂದಿರಬೇಕು ಎಂಬುದು ವಿಜ್ಞಾನಿಗಳ ತೀರ್ಮಾನ. ಏಷ್ಯಾದಿಂದ ಮಾರಾಟಕ್ಕೆ ತಂದ ನ್ಯೂಟ್‌ಗಳಲ್ಲಿ ಅದೇ ಶಿಲೀಂಧ್ರ ಸಿಕ್ಕಿತು.

ನಮ್ಮ ನೀಲಿ ನ್ಯೂಟ್‌ನ ಪಾತ್ರ ಇಲ್ಲಿ ಬರುತ್ತದೆ. ಆಲ್ಪೈನ್ ನ್ಯೂಟ್‌ಗೂ ಈ ರೋಗ ತಗಲುತ್ತದೆ, ತೀವ್ರವಾದರೆ ಸಾಯುತ್ತದೆ. ಸೋಂಕು ಕಡಿಮೆಯಿದ್ದರೆ ಅದು ಬದುಕಿ ಉಳಿಯಬಹುದು. ಬದುಕಿ ಉಳಿದದ್ದು ರೋಗವನ್ನು ಹೊತ್ತು ತಿರುಗುತ್ತದೆ, ಅದೇ ಕಾಡಿನ ಫೈರ್ ಸಲಮಾಂಡರ್‌ಗೆ ದಾಟಿಸುತ್ತದೆ. ಹೊರಗಿನಿಂದ ನೋಡಿದರೆ ಅದು ಆರೋಗ್ಯವಾಗಿರುವಂತೆಯೇ ಕಾಣಬಹುದು. ‘ಚೆನ್ನಾಗೇ ಇದೆ, ತಂದರೆ ಏನಾಗುತ್ತೆ?’ ಎಂಬ ಮಾತು ಸೋಲುವುದು ಇಲ್ಲೇ.

ಈ ಭಯದಿಂದಲೇ ಅಮೆರಿಕ 2016ರ ಜನವರಿಯಲ್ಲಿ 201 ಜಾತಿಯ ಸಲಮಾಂಡರ್‌ಗಳ ಆಮದನ್ನು ನಿಷೇಧಿಸಿತು. ಆಲ್ಪೈನ್ ನ್ಯೂಟ್ ಕೂಡ ಆ ಪಟ್ಟಿಯಲ್ಲಿದೆ. ಯುರೋಪಿಯನ್ ಒಕ್ಕೂಟವೂ 2018ರಲ್ಲಿ ಸಲಮಾಂಡರ್ ವ್ಯಾಪಾರಕ್ಕೆ ಕಟ್ಟುನಿಟ್ಟಿನ ನಿಯಮ ತಂದಿತು.

‘ಪಾಪ, ಕೆರೆಗೆ ಬಿಟ್ಟುಬಿಡೋಣ’

ಸಾಕಿದವರಿಗೆ ಬೇಸರ ಬಂದಾಗ, ಮನೆ ಬದಲಿಸುವಾಗ ಹೊಳೆಯುವ ದಾರಿ ಇದು. ಕೊಲ್ಲಲು ಮನಸ್ಸಿಲ್ಲ, ಕೊಡಲು ಯಾರೂ ಇಲ್ಲ, ನೀರಿರುವ ಕಡೆ ಬಿಟ್ಟರೆ ಪುಣ್ಯ ಬರುತ್ತದೆ ಎಂಬ ಭಾವನೆ.

2013ರಲ್ಲಿ ನ್ಯೂಜಿಲೆಂಡ್‌ನ ಕೊರೊಮಾಂಡೆಲ್ ಪ್ರದೇಶದಲ್ಲಿ ಆಲ್ಪೈನ್ ನ್ಯೂಟ್‌ಗಳು ಕಾಡುಪಾಲಾಗಿ ಬದುಕುತ್ತಿರುವುದು ಪತ್ತೆಯಾಯಿತು. ಆ ದೇಶದಲ್ಲಿ ಸಹಜವಾಗಿ ಒಂದು ನ್ಯೂಟ್ ಕೂಡ ಇಲ್ಲ. ಅಲ್ಲಿನ ಸ್ವಂತ ಕಪ್ಪೆಗಳು ಬೆರಳೆಣಿಕೆಯ ಜಾತಿಯವು, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದವು. ಹೊಸಬರು ಅವುಗಳ ಆಹಾರಕ್ಕೆ ಪೈಪೋಟಿ ಕೊಡಬಹುದು, ರೋಗವನ್ನೂ ಅಂಟಿಸಬಹುದು ಎಂದು ಸರ್ಕಾರ ನ್ಯೂಟ್‌ಗಳನ್ನು ಹುಡುಕಿ ಹಿಡಿದು ನಿರ್ಮೂಲ ಮಾಡುವ ಕೆಲಸಕ್ಕೆ ಇಳಿಯಬೇಕಾಯಿತು. ತನ್ನ ತವರಿನಲ್ಲಿ ರಕ್ಷಣೆ ಪಡೆದ ಪ್ರಾಣಿಯೇ ಇನ್ನೊಂದು ಕಡೆ ಕೊಲ್ಲಬೇಕಾದ ಪೀಡೆಯಾಯಿತು. ತಪ್ಪು ಪ್ರಾಣಿಯದಲ್ಲ, ಅದನ್ನು ಅಲ್ಲಿಗೆ ಒಯ್ದವರದು.

ಬಿಡುವುದು ಪ್ರಾಣಿಯನ್ನು ಮಾತ್ರ ಅಲ್ಲ ಎಂಬುದೂ ನೆನಪಿರಲಿ. ತೊಟ್ಟಿಯ ಹಳೆಯ ನೀರು, ನೀರುಗಿಡ, ಮಣ್ಣು ಇವುಗಳಲ್ಲೂ ರೋಗ ಸಾಗುತ್ತದೆ. ಈ ಮಾತು ನ್ಯೂಟ್‌ಗೆ ಮಾತ್ರವಲ್ಲ, ನಮ್ಮಲ್ಲಿ ಸಾಕುವ ಬಣ್ಣದ ಮೀನು, ಆಮೆಗಳಿಗೂ ಅಷ್ಟೇ ಅನ್ವಯಿಸುತ್ತದೆ.

ನಮ್ಮ ಕಡೆ ನ್ಯೂಟ್ ಇದೆಯೇ?

ಕರ್ನಾಟಕದಲ್ಲಿ ಇಲ್ಲ. ಪಶ್ಚಿಮ ಘಟ್ಟದಲ್ಲಿ ನೂರಾರು ಬಗೆಯ ಕಪ್ಪೆಗಳಿವೆ, ಎರೆಹುಳುವಿನಂತೆ ಕಾಣುವ ಕಾಲಿಲ್ಲದ ಸಿಸಿಲಿಯನ್‌ಗಳಿವೆ. ಸಲಮಾಂಡರ್ ಗುಂಪಿನ ಪ್ರಾಣಿ ಒಂದೂ ಇಲ್ಲ. ಭಾರತದಲ್ಲಿ ನ್ಯೂಟ್ ಸಿಗುವುದು ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳ ತಂಪು ಹೊಂಡಗಳಲ್ಲಿ ಮಾತ್ರ. ಅದು ಕಂದು ಬಣ್ಣದ, ಬೆನ್ನ ಮೇಲೆ ಗಂಟುಗಂಟಾಗಿರುವ ಹಿಮಾಲಯದ ನ್ಯೂಟ್. ಹಿಡಿಯುವುದು, ಮಾರುವುದು ಅಪರಾಧ.

ಹಾಗಾಗಿ ‘ನಮ್ಮ ತೋಟದಲ್ಲಿ ಸಿಕ್ಕಿತು’ ಎಂದು ಯಾರಾದರೂ ಬಣ್ಣದ ಪ್ರಾಣಿಯ ಚಿತ್ರ ಕಳಿಸಿದರೆ ಅದು ನ್ಯೂಟ್ ಆಗಿರುವ ಸಾಧ್ಯತೆ ಇಲ್ಲವೆಂದೇ ಹೇಳಬಹುದು. ಬಂಡೆಯ ಮೇಲೆ ಕೂತ ಕೆಂಪು-ಕಪ್ಪು ಪ್ರಾಣಿಯಾದರೆ ಅದು ಸಂತಾನದ ಕಾಲದ ಗಂಡು ಓತಿಕ್ಯಾತ ಇರಬಹುದು. ನುಣುಪಾಗಿ ಹೊಳೆಯುವ ಮೈಯಿದ್ದರೆ ಹಾವುರಾಣಿ ಇರಬಹುದು. ಹಾವುರಾಣಿಯೂ ವಿಷಕಾರಿ ಎಂದು ನಂಬಿ ಹೊಡೆದು ಕೊಲ್ಲುತ್ತಾರೆ. ಅದಕ್ಕೂ ವಿಷವಿಲ್ಲ, ಕೊಲ್ಲಬೇಡಿ.

ವಿದೇಶದಿಂದ ತರಿಸುವ ಯೋಚನೆ ಇದ್ದರೆ, ಜೀವಂತ ಪ್ರಾಣಿಯನ್ನು ಭಾರತಕ್ಕೆ ತರಲು ಸರ್ಕಾರದ ಅನುಮತಿ ಮತ್ತು ಪ್ರಾಣಿ ಕ್ವಾರಂಟೈನ್ ತಪಾಸಣೆ ಬೇಕು. ಬ್ಯಾಗಿನಲ್ಲಿಟ್ಟು ತಂದರೆ ಅದು ಕಳ್ಳಸಾಗಣೆ. ನಮ್ಮದೇ ಹಿಮಾಲಯದ ನ್ಯೂಟ್, ನಮ್ಮದೇ ಘಟ್ಟದ ಕಪ್ಪೆಗಳ ಮೇಲೆ ಇನ್ನೊಂದು ಬುಂದರ್‌ಬೋಸ್ ಕತೆ ಬರೆಯುವುದು ಯಾರಿಗೂ ಬೇಡ.

ಯುರೋಪಿನಲ್ಲಿರುವ ಕನ್ನಡಿಗರಿಗೆ

ಜರ್ಮನಿ, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ ಕಡೆ ಇರುವ ನಮ್ಮ ಓದುಗರಿಗೆ ಇದನ್ನು ಕಣ್ಣಾರೆ ನೋಡುವ ಅವಕಾಶವಿದೆ. ವಸಂತದಲ್ಲಿ ಕಾಡುದಾರಿಯ ಪಕ್ಕದ ಹೊಂಡದ ಬಳಿ ಮಕ್ಕಳೊಂದಿಗೆ ಕೆಲವು ನಿಮಿಷ ಸದ್ದು ಮಾಡದೆ ಕುಳಿತು ನೋಡಿ. ಉಸಿರು ತೆಗೆದುಕೊಳ್ಳಲು ಅದು ಮೇಲೆ ಬಂದು ಮತ್ತೆ ತಳಕ್ಕೆ ಇಳಿಯುತ್ತದೆ, ಆಗ ಕಿತ್ತಳೆ ಹೊಟ್ಟೆ ಮಿಂಚಿದಂತೆ ಕಾಣುತ್ತದೆ. ಹಿಡಿಯಬೇಡಿ, ಬಾಟಲಿಯಲ್ಲಿ ಮನೆಗೆ ತರಬೇಡಿ. ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಶೂಗೆ ಅಂಟಿದ ಕೆಸರನ್ನು ತೊಳೆದು ಒಣಗಿಸಿ. ಹುಣ್ಣಾದ ಅಥವಾ ಸತ್ತ ಸಲಮಾಂಡರ್ ಕಂಡರೆ ಮುಟ್ಟದೆ ಫೋಟೋ ತೆಗೆದು ಅಲ್ಲಿನ ಅರಣ್ಯ ಅಥವಾ ಪರಿಸರ ಇಲಾಖೆಗೆ ತಿಳಿಸಿ.

ಫಾರ್ವರ್ಡ್ ಮಾಡುವ ಮುನ್ನ

ಆಲ್ಪೈನ್ ನ್ಯೂಟ್ ಇವತ್ತಿಗೆ ಒಟ್ಟಾರೆ ಅಳಿವಿನಂಚಿನ ಪ್ರಾಣಿಯಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ‘ಕಡಿಮೆ ಆತಂಕ’ದ ವರ್ಗದಲ್ಲಿದೆ. ಹಾಗೆಂದು ಕಾಯುತ್ತ ಕೂರುವಂತಿಲ್ಲ, ಬುಂದರ್‌ಬೋಸ್‌ನ ಸಲಮಾಂಡರ್‌ಗಳು ಕಾಣೆಯಾಗಲು ಕೆಲವೇ ವರ್ಷ ಸಾಕಾಯಿತು.

ಮುಂದಿನ ಸಲ ಈ ನೀಲಿ-ಕಿತ್ತಳೆ ಚಿತ್ರ ನಿಮ್ಮ ಗುಂಪಿಗೆ ಬಂದರೆ ಇಷ್ಟು ಹೇಳಿ: ಇದು ಹಲ್ಲಿಯಲ್ಲ, ಯುರೋಪಿನ ನ್ಯೂಟ್. ಮುಟ್ಟಿದರೆ ಸಾಯುವುದಿಲ್ಲ, ಆದರೂ ಮುಟ್ಟಬೇಡಿ. ಮಾರಾಟಕ್ಕಿದೆ ಎಂದರೆ ಕೊಳ್ಳಬೇಡಿ. ಸಾಕಿದ್ದು ಯಾವುದೇ ಇರಲಿ, ಕೆರೆಗೆ ಬಿಡಬೇಡಿ.

ಚಿತ್ರವನ್ನು ಎಷ್ಟು ಜನರಿಗೆ ಬೇಕಾದರೂ ಕಳಿಸಿ. ಪ್ರಾಣಿ ಮಾತ್ರ ಅದರ ಹೊಂಡದಲ್ಲೇ ಇರಲಿ.